ಪ್ರಥಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ದೈನಂದಿನ ಅಭ್ಯಾಸಗಳ ಕುರಿತು ಮಾಹಿತಿ

ಪೀಠಿಕೆ

ದ್ವಿತೀಯ ಪಿ.ಯು.ಸಿ. ಮುಗಿಸಿ ಪದವಿ ಕಾಲೇಜಿಗೆ ಸೇರುವ ವಿದ್ಯಾರ್ಥಿಗಳಿಗಾಗಿ ಹಾಗೂ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ ಮತ್ತು ಶುಲ್ಕ ವಿನಾಯಿತಿ ಕೋರಿ ಅರ್ಜಿ ಸಲ್ಲಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಸೌಲಭ್ಯಗಳನ್ನು ಪಡೆಯುವ ವಿಧಾನವನ್ನು ಆಯಾ ಯೋಜನೆಯ ಪುಟಗಳಲ್ಲಿ ವಿವರಿಸಲಾಗಿದೆ. ಪಡೆದ ಸೌಲಭ್ಯವನ್ನು ಪದವಿ ಮುಗಿಯುವವರೆಗೆ ಉಳಿಸಿಕೊಳ್ಳುವುದು ಹೇಗೆ ಎಂಬುದು ಈ ಲೇಖನದ ವಿಷಯವಾಗಿರುತ್ತದೆ.

ಪ್ರೌಢಶಾಲೆಯಲ್ಲಿ ಒಂದು ದಿನ ಗೈರುಹಾಜರಾದರೆ ಮರುದಿನವೇ ಕೇಳುವವರಿರುತ್ತಾರೆ. ಪದವಿ ಕಾಲೇಜಿನಲ್ಲಿ ಹಾಗೆ ಕೇಳುವವರು ಕಡಿಮೆ. ತರಗತಿಗೆ ಬಾರದ ವಿದ್ಯಾರ್ಥಿಗೂ ಬಂದ ವಿದ್ಯಾರ್ಥಿಗೂ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೊರನೋಟಕ್ಕೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ವ್ಯತ್ಯಾಸವು ಸೆಮಿಸ್ಟರ್ ಕೊನೆಯಲ್ಲಿ, ಹಾಜರಾತಿ ಕೊರತೆಯುಳ್ಳವರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದ ದಿನ ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಹೆಸರು ಬಂದ ನಂತರ ಕಚೇರಿಗಳಿಗೆ ಮನವಿ ಹಿಡಿದು ಬರುವ ಪೋಷಕರಿಗೆ ನೆರವಾಗಲು ಅಧಿಕಾರಿಗಳಿಗೆ ಮನಸ್ಸಿದ್ದರೂ ನಿಯಮದಲ್ಲಿ ಅವಕಾಶವಿರುವುದು ವಿರಳ. ದಿನಕ್ಕೆ ಇಷ್ಟಿಷ್ಟೇ ಆಗಿ ಹೋದದ್ದನ್ನು ಒಂದೇ ದಿನದಲ್ಲಿ ಮರಳಿ ತರಲು ಬರುವುದಿಲ್ಲವಾದ್ದರಿಂದ, ಲೆಕ್ಕವನ್ನು ದಿನವೂ ಇಡುವ ಅಭ್ಯಾಸವನ್ನು ಮೊದಲ ವಾರದಿಂದಲೇ ಬೆಳೆಸಿಕೊಳ್ಳುವುದು ಅವಶ್ಯವಾಗಿದೆ.

ಹಾಜರಾತಿಯ ಲೆಕ್ಕ

ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪರೀಕ್ಷೆಗಳಿಗೆ ಕುಳಿತುಕೊಳ್ಳಲು ಸಾಮಾನ್ಯವಾಗಿ ಪ್ರತಿಯೊಂದು ವಿಷಯದಲ್ಲಿಯೂ ಕನಿಷ್ಠ ಶೇಕಡ 75ರಷ್ಟು ಹಾಜರಾತಿ ಇರತಕ್ಕದ್ದು. "ಪ್ರತಿಯೊಂದು ವಿಷಯದಲ್ಲಿಯೂ" ಎಂಬ ಮಾತನ್ನು ಹಲವರು ಗಮನಿಸುವುದಿಲ್ಲ. ಎಲ್ಲ ವಿಷಯಗಳೂ ಸೇರಿ ಶೇಕಡ 85ರಷ್ಟು ಹಾಜರಾತಿ ಇದ್ದರೂ, ಒಂದು ವಿಷಯದಲ್ಲಿ ಮಾತ್ರ ಶೇಕಡ 70 ಇದ್ದರೆ ಆ ವಿಷಯದಲ್ಲಿ ತೊಡಕು ಉಂಟಾಗುತ್ತದೆ.

ಈ ಶೇಕಡಾವಾರನ್ನು ತರಗತಿಗಳ ಸಂಖ್ಯೆಗೆ ಇಳಿಸಿ ನೋಡುವುದು ಸೂಕ್ತ. ಒಂದು ವಿಷಯಕ್ಕೆ ವಾರಕ್ಕೆ 4 ತರಗತಿಗಳಂತೆ 16 ವಾರಗಳ ಸೆಮಿಸ್ಟರ್‌ನಲ್ಲಿ 64 ತರಗತಿಗಳಾಗುತ್ತವೆ ಎಂದಿಟ್ಟುಕೊಳ್ಳೋಣ. ಇದರ ಶೇಕಡ 75 ಎಂದರೆ 48. ಉಳಿದ 16 ತರಗತಿಗಳಿಗೆ ಮಾತ್ರ ಗೈರುಹಾಜರಾಗಲು ಸಾಧ್ಯ. ಅಂದರೆ ವಾರಕ್ಕೆ ಒಂದು. ಬೆಳಗಿನ ಬಸ್ಸು ತಡವಾಗಿ ಬರುತ್ತದೆಂಬ ಕಾರಣಕ್ಕೆ ಪ್ರತಿ ಸೋಮವಾರದ ಮೊದಲ ತರಗತಿಯನ್ನು ಕೈಬಿಡುವ ವಿದ್ಯಾರ್ಥಿಯು ಆ ವಿಷಯದಲ್ಲಿ ತನಗಿದ್ದ ಸಂಪೂರ್ಣ ಅವಕಾಶವನ್ನು ಬಸ್ಸಿಗೇ ಒಪ್ಪಿಸಿದಂತಾಗುತ್ತದೆ. ಜ್ವರಕ್ಕೆ, ಊರ ಜಾತ್ರೆಗೆ, ಮನೆಯ ಮದುವೆಗೆ, ಸುಗ್ಗಿಯ ಕೆಲಸಕ್ಕೆ ಒಂದು ತರಗತಿಯೂ ಉಳಿಯುವುದಿಲ್ಲ. ರಜೆಗಳಿಂದಾಗಿ 56 ತರಗತಿಗಳು ಮಾತ್ರ ನಡೆದಲ್ಲಿ ಅವಕಾಶವೂ 14ಕ್ಕೆ ಇಳಿಯುತ್ತದೆ ಎಂಬುದನ್ನು ಗಮನಿಸುವುದು.

ಕೊರತೆಯನ್ನು ತುಂಬಿಕೊಳ್ಳುವ ಲೆಕ್ಕವು ಇನ್ನೂ ಕಠಿಣ. ಗೈರುಹಾಜರಾದ ತರಗತಿಗಳನ್ನು 4ರಿಂದ ಗುಣಿಸಿದರೆ ಬರುವ ಸಂಖ್ಯೆಯಷ್ಟು ತರಗತಿಗಳು ನಡೆಯುವವರೆಗೆ, ಮುಂದೆ ಒಂದನ್ನೂ ತಪ್ಪಿಸದಿದ್ದರೆ ಮಾತ್ರ, ಹಾಜರಾತಿ ಶೇಕಡ 75ಕ್ಕೆ ಬರುತ್ತದೆ. ಮೊದಲ 4 ವಾರಗಳ 16 ತರಗತಿಗಳಲ್ಲಿ 8ಕ್ಕೆ ಬಾರದಿದ್ದವರು ಒಟ್ಟು 32 ತರಗತಿಗಳಾಗುವವರೆಗೆ, ಅಂದರೆ ಇನ್ನೂ 4 ವಾರ, ಒಂದೂ ತಪ್ಪದಂತೆ ಬರಬೇಕು. 8 ವಾರಗಳಲ್ಲಿ 16 ತಪ್ಪಿಸಿದವರು ಉಳಿದ 8 ವಾರ ಪೂರ್ತಿ ಬರಬೇಕು. 17ನೆಯದು ತಪ್ಪಿದರೆ 68 ತರಗತಿಗಳು ಬೇಕಾಗುತ್ತವೆ. ಸೆಮಿಸ್ಟರ್‌ನಲ್ಲಿ ಇರುವುದೇ 64. ಅಲ್ಲಿಗೆ ಲೆಕ್ಕ ಮುಗಿಯಿತು.

ಆದ್ದರಿಂದ ಜೇಬಿನಲ್ಲಿ ಹಿಡಿಸುವ ಒಂದು ಸಣ್ಣ ಪುಸ್ತಕದಲ್ಲಿ ಪ್ರತಿ ವಿಷಯಕ್ಕೆ ಒಂದು ಪುಟವಿಟ್ಟು, ನಡೆದ ತರಗತಿ ಮತ್ತು ಹಾಜರಾದ ತರಗತಿಗಳನ್ನು ಅದೇ ದಿನ ಸಂಜೆ ಗುರುತಿಸಿಕೊಳ್ಳುವುದು ಉತ್ತಮ. ಸರ್ಕಾರಿ ಕಚೇರಿಗಳಲ್ಲಿ ನಗದು ಪುಸ್ತಕವನ್ನು ದಿನದ ಕೊನೆಯಲ್ಲಿ ಮುಕ್ತಾಯಗೊಳಿಸಿ ಶಿಲ್ಕು ತೆಗೆಯುವ ಪದ್ಧತಿ ಇದೆ. ತಿಂಗಳಿಗೊಮ್ಮೆ ಬರೆದರಾಯಿತು ಎಂದು ಬಿಟ್ಟ ನಗದು ಪುಸ್ತಕವು ಎಂದೂ ತಾಳೆಯಾಗುವುದಿಲ್ಲವೆಂಬುದು ಲೆಕ್ಕಪತ್ರ ಶಾಖೆಗಳಲ್ಲಿ ಕೆಲಸ ಮಾಡಿದ ಎಲ್ಲರಿಗೂ ತಿಳಿದ ವಿಷಯ. ಹಾಜರಾತಿಯೂ ಹಾಗೆಯೇ. ತಿಂಗಳಿಗೊಮ್ಮೆ ಉಪನ್ಯಾಸಕರ ಹಾಜರಿ ಪುಸ್ತಕದೊಂದಿಗೆ ತಮ್ಮ ಪುಸ್ತಕವನ್ನು ಹೋಲಿಸಿ ನೋಡಿದಲ್ಲಿ, ವ್ಯತ್ಯಾಸವಿದ್ದರೆ ಆಗಲೇ ಸರಿಪಡಿಸಿಕೊಳ್ಳಬಹುದು.

ಅನಾರೋಗ್ಯದ ಕಾರಣಕ್ಕೆ ಕೊರತೆಯನ್ನು ಮನ್ನಿಸುವ ನಿಯಮಗಳು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗಿರುತ್ತವೆ. ವೈದ್ಯಕೀಯ ಪ್ರಮಾಣಪತ್ರ ನೀಡಿದ ಮಾತ್ರಕ್ಕೆ ಗೈರುಹಾಜರಿಯು ಹಾಜರಿಯಾಗಿ ಬದಲಾಗುತ್ತದೆ ಎಂದು ಭಾವಿಸತಕ್ಕದ್ದಲ್ಲ. ಕಾಯಿಲೆ ಬಿದ್ದ ವಾರದಲ್ಲಿಯೇ ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿ, ಪ್ರತಿಯೊಂದನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು.

ಅಭ್ಯಾಸವು ಬೇರೂರಲು ಹಿಡಿಯುವ ಕಾಲ

ಇಪ್ಪತ್ತೊಂದು ದಿನ ಮಾಡಿದರೆ ಯಾವುದೇ ಕೆಲಸ ಅಭ್ಯಾಸವಾಗುತ್ತದೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಇದಕ್ಕೆ ಗಟ್ಟಿಯಾದ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ, ಪಾನೀಯ ಅಥವಾ ವ್ಯಾಯಾಮಕ್ಕೆ ಸಂಬಂಧಿಸಿದ ಒಂದು ಹೊಸ ಕೆಲಸವು ತಾನಾಗಿಯೇ ನಡೆಯುವಂತಾಗಲು ಸರಿಸುಮಾರು 66 ದಿನಗಳು ಬೇಕಾದವು. ವ್ಯಕ್ತಿಯಿಂದ ವ್ಯಕ್ತಿಗೆ ಈ ಅವಧಿಯು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗಿತ್ತು. ಸುಲಭವಾದ ಕೆಲಸ ಬೇಗ, ಕಷ್ಟದ ಕೆಲಸ ನಿಧಾನವಾಗಿ ರೂಢಿಯಾಯಿತು.

ಹದಿನಾರು ವಾರಗಳ ಸೆಮಿಸ್ಟರ್ ಎಂದರೆ 112 ದಿನಗಳು. ಮೊದಲ ವಾರದಲ್ಲಿ ಆರಂಭಿಸಿದ ಅಭ್ಯಾಸವು ಹತ್ತನೆಯ ವಾರದ ಹೊತ್ತಿಗೆ ಹಗುರವಾಗುವ ಸಂಭವವಿದೆ. ಎರಡನೆಯ ಕಿರುಪರೀಕ್ಷೆಯ ನಂತರ ಆರಂಭಿಸಿದ್ದು ಪರೀಕ್ಷೆಯವರೆಗೂ ಭಾರವಾಗಿಯೇ ಉಳಿಯುತ್ತದೆ. ಕೊನೆಯ ತಿಂಗಳಲ್ಲಿ ಹಗಲು ರಾತ್ರಿ ಓದುವವರು ದಿನವೂ ತಮ್ಮೊಂದಿಗೆ ತಾವೇ ಹೋರಾಡಬೇಕಾಗುವುದು ಇದೇ ಕಾರಣದಿಂದ.

ಅದೇ ಅಧ್ಯಯನದಲ್ಲಿ ಗಮನಿಸಬೇಕಾದ ಮತ್ತೆರಡು ಅಂಶಗಳಿವೆ. ಹೊಸ ಕೆಲಸವನ್ನು "ಬೆಳಗಿನ ತಿಂಡಿಯ ನಂತರ" ಎಂಬಂತೆ ದಿನವೂ ತಪ್ಪದೆ ನಡೆಯುವ ಮತ್ತೊಂದು ಕೆಲಸಕ್ಕೆ ಜೋಡಿಸಲಾಗಿತ್ತು. ಮತ್ತು ಒಂದು ದಿನ ತಪ್ಪಿಹೋದದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ. ಗೋಡೆಗೆ ಬಣ್ಣಬಣ್ಣದ ವೇಳಾಪಟ್ಟಿ ಅಂಟಿಸಿ, ಒಂದು ದಿನ ತಪ್ಪಿದ ಕೂಡಲೇ ಎಲ್ಲವನ್ನೂ ಕೈಬಿಡುವವರು ಎರಡನೆಯ ಅಂಶವನ್ನು ವಿಶೇಷವಾಗಿ ನೆನಪಿನಲ್ಲಿಡುವುದು. "ಸಂಜೆ 6ರಿಂದ 7" ಎಂದು ಬರೆದುಕೊಳ್ಳುವುದಕ್ಕಿಂತ "ಹಾಸ್ಟೆಲ್‌ಗೆ ಬಂದು ಕೈಕಾಲು ತೊಳೆದು ಚಹಾ ಕುಡಿದ ಕೂಡಲೇ" ಎಂದು ನಿಗದಿ ಮಾಡಿಕೊಳ್ಳುವುದು ಹೆಚ್ಚು ನಿಲ್ಲುತ್ತದೆ. ಬಸ್ಸು ತಡವಾದರೆ 6 ಗಂಟೆ ಕಳೆದುಹೋಗುತ್ತದೆ, ಚಹಾ ಕಳೆದುಹೋಗುವುದಿಲ್ಲ.

ದಿನದ ಪಾಠ ಅದೇ ದಿನ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಂಠಪಾಠ ಮಾಡಿ, ತಮ್ಮ ಮರೆವನ್ನು ತಾವೇ ಅಳೆದು 1885ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮರೆವಿನ ಬಹುಭಾಗವು ಮೊದಲ ದಿನದಲ್ಲಿಯೇ ಸಂಭವಿಸುತ್ತದೆ, ನಂತರ ಅದರ ವೇಗ ತಗ್ಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಅರ್ಥವಿರುವ ಪಾಠವು ಅಷ್ಟು ಬೇಗ ಅಳಿಸಿಹೋಗುವುದಿಲ್ಲವಾದರೂ, ಮೊದಲ ದಿನದ ಮಹತ್ವ ಕಡಿಮೆಯಾಗುವುದಿಲ್ಲ.

ಹಾಗಾದರೆ ಆ ದಿನ ಏನು ಮಾಡಬೇಕು? ಹೆಚ್ಚಿನ ವಿದ್ಯಾರ್ಥಿಗಳು ನೋಟ್ಸನ್ನು ಮತ್ತೊಮ್ಮೆ ಓದುತ್ತಾರೆ, ಇಲ್ಲವೇ ಗೆರೆ ಎಳೆಯುತ್ತಾರೆ. ಇದು ತಕ್ಷಣಕ್ಕೆ ಸಮಾಧಾನ ನೀಡುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠವನ್ನು ಓದಲು ಕೊಟ್ಟರು. ನಂತರ ಕೆಲವರು ಅದನ್ನೇ ಮತ್ತೆ ಓದಿದರು. ಉಳಿದವರು ಪಾಠವನ್ನು ನೋಡದೆ ನೆನಪಿರುವಷ್ಟನ್ನು ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರಿಗೆ ಶೇಕಡ 42ರಷ್ಟು, ನೋಡದೆ ಬರೆದವರಿಗೆ ಶೇಕಡ 56ರಷ್ಟು ನೆನಪಿತ್ತು. ಸೆಮಿಸ್ಟರ್ ಪರೀಕ್ಷೆಯು ಐದು ನಿಮಿಷಗಳ ನಂತರ ನಡೆಯುವುದಿಲ್ಲವಾದ್ದರಿಂದ ಎರಡನೆಯ ವಿಧಾನವೇ ಅನುಸರಿಸಲು ಯೋಗ್ಯವಾದುದು.

ಇದನ್ನು ದಿನಚರಿಗೆ ಅಳವಡಿಸಿಕೊಳ್ಳಲು ಖರ್ಚಾಗಲಿ, ಸಲಕರಣೆಯಾಗಲಿ ಬೇಕಿಲ್ಲ. ಆ ದಿನ 5 ತರಗತಿಗಳು ನಡೆದಿದ್ದರೆ ಒಂದೊಂದಕ್ಕೆ 8 ನಿಮಿಷದಂತೆ 40 ನಿಮಿಷ ಸಾಕು. ನೋಟ್ ಪುಸ್ತಕವನ್ನು ಮುಚ್ಚಿ, ಒಂದು ಕಚ್ಚಾ ಹಾಳೆಯ ಮೇಲೆ ಆ ತರಗತಿಯಲ್ಲಿ ಹೇಳಿದ್ದನ್ನು ನೆನಪಿನಿಂದ ಬರೆಯುವುದು. ನಂತರ ಪುಸ್ತಕ ತೆರೆದು, ಬಿಟ್ಟುಹೋದದ್ದರ ಮುಂದೆ ಗುರುತು ಹಾಕುವುದು. ಭಾನುವಾರ ಗುರುತು ಹಾಕಿದ ಭಾಗಗಳನ್ನು ಮಾತ್ರ ಮತ್ತೊಮ್ಮೆ ನೋಡದೆ ಬರೆಯುವುದು. ಆರಂಭದ ದಿನಗಳಲ್ಲಿ ಹಾಳೆಯ ಮೇಲೆ ಎರಡೇ ಸಾಲು ಮೂಡಬಹುದು. ಅದರಿಂದ ಧೃತಿಗೆಡಬೇಕಾಗಿಲ್ಲ, ಏನು ಗೊತ್ತಿಲ್ಲವೆಂಬುದು ಆಗಸ್ಟ್‌ನಲ್ಲಿಯೇ ತಿಳಿದರೆ ಕೇಳಿ ತಿಳಿದುಕೊಳ್ಳಲು ಕಾಲಾವಕಾಶ ಇರುತ್ತದೆ.

ಲೆಕ್ಕಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೌತಶಾಸ್ತ್ರ ವಿಷಯಗಳಲ್ಲಿ ಒಂದು ಎಚ್ಚರಿಕೆ. ಬಿಡಿಸಿದ ಲೆಕ್ಕವನ್ನು ಓದಿ ಅರ್ಥವಾಯಿತು ಎಂದುಕೊಳ್ಳುವುದು ಈ ವಿಷಯಗಳಲ್ಲಿ ಅತಿ ಸಾಮಾನ್ಯವಾದ ಮೋಸ. ವಾಣಿಜ್ಯ ಪದವಿಯ ವಿದ್ಯಾರ್ಥಿಯು ಮೊದಲ ವಾರದಲ್ಲಿ ಯಾವ ಖಾತೆಗೆ ಖರ್ಚು, ಯಾವ ಖಾತೆಗೆ ಜಮಾ ಎಂಬುದನ್ನು ಮನದಟ್ಟು ಮಾಡಿಕೊಳ್ಳದಿದ್ದರೆ ದಿನವಹಿಯ ದಾಖಲೆ ತಪ್ಪುತ್ತದೆ. ದಿನವಹಿ ತಪ್ಪಿದರೆ ಖಾತಾವಹಿ ತಪ್ಪುತ್ತದೆ. ಅಂತಿಮ ಲೆಕ್ಕಪತ್ರಗಳ ಪಾಠ ಬರುವ ಹೊತ್ತಿಗೆ ಎಲ್ಲಿ ತಪ್ಪಿದೆ ಎಂದು ಹುಡುಕುವುದೇ ಅಸಾಧ್ಯವಾಗುತ್ತದೆ. ಇನ್ನೂ ಒಂದು ಸಂಗತಿ: ತಾಳೆಪಟ್ಟಿಯ ಎರಡೂ ಬದಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದರ್ಥವಲ್ಲ. ತಪ್ಪು ಖಾತೆಗೆ ಸರಿಯಾದ ಮೊತ್ತವನ್ನು ಬರೆದಿದ್ದರೂ ಅದು ಹೊಂದುತ್ತದೆ. ಉತ್ತರ ತಾಳೆಯಾಯಿತೆಂದು ಪುಟ ತಿರುಗಿಸದೆ, ದಿನಕ್ಕೆ ಎರಡು ಲೆಕ್ಕಗಳನ್ನಾದರೂ ಪರಿಹಾರವನ್ನು ಮುಚ್ಚಿಟ್ಟು, ಕೈಯಿಂದ ಬರೆದು ಬಿಡಿಸುವುದು.

ಭಾಷೆಯ ತೊಡಕು

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪದವಿ ತರಗತಿಯ ಇಂಗ್ಲಿಷ್ ಉಪನ್ಯಾಸಗಳು ಮೊದಲ ತಿಂಗಳು ಕಷ್ಟವಾಗುವುದು ಸಹಜ. ತರಗತಿ ಬಿಡುವವರಲ್ಲಿ ಸೋಮಾರಿಗಳಿಗಿಂತ, ಅರ್ಥವಾಗದೆ ನಾಚಿಕೊಂಡು ಹಿಂದೆ ಸರಿದವರು ಕಡಿಮೆಯೇನಿಲ್ಲ. ಆದರೆ ಅರ್ಥವಾಗಲಿಲ್ಲವೆಂದು ತರಗತಿ ಬಿಟ್ಟರೆ ಅರ್ಥವಾಗುವ ಅವಕಾಶವೂ ಹೋಗುತ್ತದೆ, ಹಾಜರಾತಿಯೂ ಹೋಗುತ್ತದೆ.

ಪ್ರತಿ ವಿಷಯದಲ್ಲಿ ಮತ್ತೆ ಮತ್ತೆ ಬರುವ ಪಾರಿಭಾಷಿಕ ಪದಗಳ ಸಂಖ್ಯೆ ನಾವು ಅಂಜುವಷ್ಟು ದೊಡ್ಡದಲ್ಲ. ದಿನಕ್ಕೆ 5 ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದುಕೊಂಡರೆ, ವಾರಕ್ಕೆ 6 ದಿನಗಳಂತೆ, 16 ವಾರಗಳಲ್ಲಿ 480 ಪದಗಳಾಗುತ್ತವೆ. ಮೇಲೆ ಹೇಳಿದ ಕಚ್ಚಾ ಹಾಳೆಯ ಬರವಣಿಗೆಯನ್ನು ಮೊದಲು ಕನ್ನಡದಲ್ಲಿಯೇ ಮಾಡಬಹುದು. ವಿಷಯ ತಿಳಿದ ಮೇಲೆ ಭಾಷೆ ಬದಲಿಸುವುದು ಸುಲಭ. ಕಲಾ ಮತ್ತು ವಾಣಿಜ್ಯ ವಿಭಾಗಗಳ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದ್ದು, ತಮ್ಮ ವಿಷಯಕ್ಕೆ ಇದು ಅನ್ವಯಿಸುತ್ತದೆಯೇ ಎಂಬುದನ್ನು ಸೆಮಿಸ್ಟರ್ ಆರಂಭದಲ್ಲಿಯೇ ಕಾಲೇಜಿನಲ್ಲಿ ಖಚಿತಪಡಿಸಿಕೊಳ್ಳುವುದು.

ನಿದ್ರೆ ಮತ್ತು ಮೊಬೈಲ್

ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದಬೇಕೆಂದು ಹಿರಿಯರು ಹೇಳುವುದುಂಟು. ರಾತ್ರಿ ಒಂಬತ್ತೂವರೆಗೆ ಮಲಗುತ್ತಿದ್ದ ಕಾಲದಲ್ಲಿ ಆ ಮಾತು ಸಂಪೂರ್ಣ ಸರಿ. ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿದ್ದು ನಾಲ್ಕಕ್ಕೆ ಅಲಾರಂ ಇಡುವವರಿಗೆ ಅದು ಅನ್ವಯಿಸುವುದಿಲ್ಲ. 18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆಗಳ ನಿದ್ರೆಯನ್ನು ತಜ್ಞರು ಶಿಫಾರಸು ಮಾಡಿದ್ದಾರೆ. ಎಷ್ಟು ಗಂಟೆಗೆ ಏಳಬೇಕೆಂಬುದನ್ನು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ 7 ಗಂಟೆ ಎಣಿಸಿ ಮಲಗುವ ಸಮಯವನ್ನು ಗೊತ್ತುಪಡಿಸಿಕೊಳ್ಳುವುದು.

ಮೊಬೈಲ್ ಇಲ್ಲದೆ ಇಂದು ಕಾಲೇಜು ನಡೆಯುವುದಿಲ್ಲ. ಸೂಚನೆಗಳು, ನೋಟ್ಸ್, ವಿದ್ಯಾರ್ಥಿವೇತನದ ಓ.ಟಿ.ಪಿ. ಎಲ್ಲವೂ ಅದಕ್ಕೇ ಬರುತ್ತವೆ. ಆದ್ದರಿಂದ ಅದನ್ನು ತ್ಯಜಿಸಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಓದುವ 40 ನಿಮಿಷ ಮತ್ತು ಮಲಗುವ ವೇಳೆ ಅದು ಕೈಗೆಟುಕದ ಸ್ಥಳದಲ್ಲಿರಲಿ. ಒಂದೇ ಕೊಠಡಿಯ ನಾಲ್ವರು ಒಪ್ಪಿ ರಾತ್ರಿ ಹತ್ತರ ನಂತರ ಎಲ್ಲ ಫೋನುಗಳನ್ನು ಬಾಗಿಲ ಬಳಿಯ ಒಂದೇ ಕಡೆ ಚಾರ್ಜಿಗೆ ಹಾಕಿದರೆ, ಒಬ್ಬರೇ ಪ್ರಯತ್ನಿಸುವುದಕ್ಕಿಂತ ಸುಲಭವಾಗುತ್ತದೆ.

ಊರಿನಿಂದ ಓಡಾಡುವವರು ಮತ್ತು ಅವರ ಪೋಷಕರು

ಹಾಸ್ಟೆಲ್ ಸೌಲಭ್ಯ ದೊರೆಯದೆ ಅಥವಾ ಬಯಸದೆ ಪ್ರತಿದಿನ ಊರಿನಿಂದ ಬರುವವರಿಗೆ ಪ್ರಯಾಣದಲ್ಲಿಯೇ ಎರಡು ಮೂರು ಗಂಟೆಗಳು ಕಳೆಯುತ್ತವೆ. ನಿಂತು ಪ್ರಯಾಣಿಸುವ ಬಸ್ಸಿನಲ್ಲಿ ಓದುವುದು ಆಗದ ಮಾತು. ಬೆಳಗಿನ ಪಾಠವನ್ನು ಮನಸ್ಸಿನಲ್ಲಿಯೇ ನೆನಪಿಸಿಕೊಳ್ಳುವುದು, ಆ ದಿನದ 5 ಪದಗಳನ್ನು ಮೆಲುಕು ಹಾಕುವುದು ಸಾಧ್ಯ. ಸಂಜೆಯ ಬಸ್ಸಿಗೆ ಒಂದು ಗಂಟೆ ಕಾಯಬೇಕಾದವರು ಆ ಅವಧಿಯನ್ನು ನಿಲ್ದಾಣದ ಬದಲು ಕಾಲೇಜಿನ ಗ್ರಂಥಾಲಯದಲ್ಲಿ ಕಳೆದು, ದಿನದ ಬರವಣಿಗೆಯನ್ನು ಮುಗಿಸಿಕೊಂಡೇ ಬಸ್ಸು ಹತ್ತುವುದು ಒಳ್ಳೆಯದು; ಮನೆ ತಲುಪಿದ ಮೇಲೆ ಅದು ನಡೆಯುವ ಭರವಸೆ ಕಡಿಮೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ವಿದ್ಯಾರ್ಥಿನಿಯರು ರಾಜ್ಯ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದಾಗಿದ್ದು, ರಾಜ್ಯದ ನಿವಾಸಿ ಎಂಬುದನ್ನು ತೋರಿಸುವ ಗುರುತಿನ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು. ಇತರ ವಿದ್ಯಾರ್ಥಿಗಳು ರಿಯಾಯಿತಿ ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸುವುದು.

ಪೋಷಕರಲ್ಲಿ ಒಂದು ವಿನಂತಿ. ಕಾಲೇಜಿನಿಂದ ಬಂದ ಮಗನಿಗೆ ಓದಲು ಹೇಳಿ, ಮಗಳಿಗೆ ನೀರು ತರಲು, ರೊಟ್ಟಿ ತಟ್ಟಲು ಹೇಳುವ ಮನೆಗಳು ಇಂದಿಗೂ ಇವೆ. ಮಗಳಿಗೂ ಸಂಜೆ 40 ನಿಮಿಷ ಯಾರೂ ಕರೆಯದ ಸಮಯ ದೊರೆಯುವಂತೆ ಮಾಡುವುದು ಮನೆಯವರ ಕೈಯಲ್ಲಿದೆ. ಹಾಗೆಯೇ ನಾಟಿ, ಕೊಯ್ಲಿನ ದಿನಗಳಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವ ಮುನ್ನ ಮೇಲೆ ಹೇಳಿದ ಹಾಜರಾತಿಯ ಪುಸ್ತಕವನ್ನು ಒಮ್ಮೆ ನೋಡಿ ನಿರ್ಧರಿಸುವುದು.

ವಾರಕ್ಕೊಮ್ಮೆ ದಾಖಲೆಗಳ ಪರಿಶೀಲನೆ

ವಿದ್ಯಾರ್ಥಿವೇತನವು ಒಮ್ಮೆ ಮಂಜೂರಾದರೆ ಮೂರು ವರ್ಷ ತಾನಾಗಿ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ಇದೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಪ್ರತಿ ವರ್ಷವೂ ಅರ್ಜಿ ಸಲ್ಲಿಸಬೇಕಾಗುತ್ತದೆ. ಕೊನೆಯ ದಿನಾಂಕದ ಹಿಂದಿನ ರಾತ್ರಿ ಅರ್ಜಿ ತುಂಬಲು ಕುಳಿತವರಿಗೆ ಎದುರಾಗುವ ತೊಂದರೆಗಳು ಬಹುತೇಕ ಒಂದೇ ರೀತಿಯವು: ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಆಧಾರ್‌ನಲ್ಲಿನ ಹೆಸರು ಅಂಕಪಟ್ಟಿಯ ಹೆಸರಿಗಿಂತ ಒಂದಕ್ಷರ ಬೇರೆಯಾಗಿರುತ್ತದೆ, ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ. ಇವುಗಳಲ್ಲಿ ಯಾವುದೂ ಒಂದು ರಾತ್ರಿಯಲ್ಲಿ ಸರಿಯಾಗುವಂಥದ್ದಲ್ಲ. ಆದರೆ ಮುಂಚಿತವಾಗಿ ನೋಡಿಕೊಂಡರೆ ಯಾವುದೂ ಕಷ್ಟವಲ್ಲ.

ಬ್ಯಾಂಕ್ ಖಾತೆಯ ವಿಷಯವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಹಣವು ಆಧಾರ್ ಆಧಾರಿತ ನೇರ ವರ್ಗಾವಣೆಯ ಮೂಲಕ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಜಮಾ ಆಗುತ್ತದೆ. ಮಧ್ಯದಲ್ಲಿ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅದನ್ನು ಜೋಡಿಸಿದವರು ಹಳೆಯ ಪಾಸ್‌ಬುಕ್ ನೋಡಿ ಹಣ ಬಂದಿಲ್ಲವೆಂದು ದೂರು ನೀಡುವ ಪ್ರಕರಣಗಳು ಇರುತ್ತವೆ.

ಭಾನುವಾರ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡುವುದು. ಪ್ರಮಾಣಪತ್ರಗಳು, ಶುಲ್ಕದ ರಸೀದಿಗಳು, ಅಂಕಪಟ್ಟಿಗಳು ಒಂದೇ ಕಡತದಲ್ಲಿರಲಿ. ಮೇಲಿನ ಹಾಳೆಯಲ್ಲಿ ಅರ್ಜಿ ಸಂಖ್ಯೆಗಳನ್ನು, ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು, ಅವಧಿ ಮುಗಿಯುವ ದಿನಾಂಕಗಳನ್ನು ಬರೆದಿಡುವುದು. ಆ ವಾರದ ಖರ್ಚನ್ನೂ ಅದೇ ಹೊತ್ತಿಗೆ ಬರೆದುಕೊಂಡರೆ ಪರೀಕ್ಷಾ ಶುಲ್ಕ ಕಟ್ಟುವ ವೇಳೆಗೆ ಕೈಸಾಲ ಮಾಡುವ ಪ್ರಸಂಗ ತಪ್ಪುತ್ತದೆ. ಓ.ಟಿ.ಪಿ. ಮತ್ತು ಪಾಸ್‌ವರ್ಡ್‌ಗಳನ್ನು ಯಾರಿಗೂ, ಸೈಬರ್ ಕೇಂದ್ರದವರಿಗೂ, ಬರೆದುಕೊಡತಕ್ಕದ್ದಲ್ಲ.

ತರಗತಿ ಬಿಟ್ಟವರು ಮರಳುವುದು

ಕೆಲವು ವಾರ ಎಲ್ಲವೂ ತಪ್ಪಿಹೋಗಿರಬಹುದು. ಮನೆಯಲ್ಲಿ ಸಾವು, ಸಾಲ, ಕಾಯಿಲೆ, ಸಂಜೆಯ ಅಂಗಡಿ ಕೆಲಸ, ಕಾರಣ ಯಾವುದೇ ಇರಲಿ, ಇಷ್ಟು ದಿನ ಬಾರದೆ ಈಗ ಹೇಗೆ ಮುಖ ತೋರಿಸುವುದು ಎಂಬ ಸಂಕೋಚದಿಂದ ಮತ್ತೂ ಎರಡು ವಾರ ಕಳೆಯುವವರಿದ್ದಾರೆ. ಆ ಎರಡು ವಾರಗಳೇ ಹಲವರನ್ನು ಶೇಕಡ 75ರ ಕೆಳಗೆ ತಳ್ಳುತ್ತವೆ. ಹಿಂದಿನ ಪಾಠಗಳನ್ನೆಲ್ಲ ಓದಿ ಮುಗಿಸಿಯೇ ತರಗತಿಗೆ ಹೋಗುತ್ತೇನೆಂದು ಕಾಯದೆ, ಮರುದಿನದ ಮೊದಲ ತರಗತಿಗೆ ಹಾಜರಾಗಿ, ಅಲ್ಲಿಂದ ಮುಂದಿನ ಪಾಠವನ್ನು ದಿನವೂ ಬರೆದುಕೊಳ್ಳುತ್ತಾ, ಹಿಂದಿನದನ್ನು ಭಾನುವಾರಗಳಲ್ಲಿ ತುಂಬಿಕೊಳ್ಳುವುದು. ಉಪನ್ಯಾಸಕರಿಗೆ ಅಥವಾ ನಿಲಯಪಾಲಕರಿಗೆ ಕಾರಣವನ್ನು ಎರಡು ಮಾತಿನಲ್ಲಿ ತಿಳಿಸಿದರೆ ಸಾಕು.

ನಿದ್ರೆ ಬಾರದಿರುವುದು, ಅತಿಯಾದ ಆತಂಕ, ಬದುಕಿನಲ್ಲಿ ಆಸಕ್ತಿ ಕಳೆದುಕೊಂಡಂತಾಗುವುದು ಕಂಡುಬಂದಲ್ಲಿ ಅದನ್ನು ಓದಿನ ಸೋಮಾರಿತನವೆಂದು ಪರಿಗಣಿಸತಕ್ಕದ್ದಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದಾಗಿದೆ.

ಹಾಜರಾತಿ ಮತ್ತು ಪರೀಕ್ಷೆಗೆ ಸಂಬಂಧಿಸಿದ ವಿವರಗಳಿಗೆ ಆಯಾ ಕಾಲೇಜಿನ ಪ್ರಾಂಶುಪಾಲರನ್ನು, ವಿದ್ಯಾರ್ಥಿನಿಲಯದ ಪ್ರವೇಶಕ್ಕೆ ಸಂಬಂಧಿಸಿದಂತೆ ತಾಲ್ಲೂಕು ಮಟ್ಟದ ಅಧಿಕಾರಿಗಳನ್ನು ಹಾಗೂ ಆದಾಯ, ಜಾತಿ ಪ್ರಮಾಣಪತ್ರಗಳಿಗೆ ಹತ್ತಿರದ ನಾಡಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು. ವಿಚಾರಿಸಲು ಹೋಗುವಾಗ ಅರ್ಜಿ ಸಂಖ್ಯೆ ಮತ್ತು ಆಧಾರ್‌ನ ಪ್ರತಿಯನ್ನು ಕೊಂಡೊಯ್ಯುವುದು. ಕಚೇರಿಗೆ ಬರುವ ಕೆಲಸವನ್ನು ಸಾಧ್ಯವಾದಷ್ಟು ತರಗತಿಗಳಿಲ್ಲದ ವೇಳೆಗೆ ಇಟ್ಟುಕೊಳ್ಳುವುದು ಅಥವಾ ಪೋಷಕರನ್ನು ಕಳುಹಿಸುವುದು.